ದೊನ್ಕಾ ತೊಳೆದ ಹೃದಯಗಳು

ಪ್ಲೋವ್ದಿವ್ ನಗರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ ದೊನ್ಕಾ ಗಾಜಿನ ಕೊಳವೆಯ ತುದಿಗೆ ಇಲಿಯ ಹೃದಯವೊಂದನ್ನು ದಾರದಿಂದ ಕಟ್ಟುತ್ತಿದ್ದಾರೆ. ನೆಲ್ಲಿಕಾಯಿಗಿಂತ ಚಿಕ್ಕದು. ಬೆಚ್ಚಗಿನ ದ್ರವ ಇಳಿದೊಡನೆ ಅದು ಮಿಡಿಯತೊಡಗುತ್ತದೆ. "ಎದ್ಯಾ ಸೋಮಾರಿ?" ಎನ್ನುತ್ತಾರೆ. ಎಷ್ಟು ಸಲ ಕಂಡರೂ ಈ ನೋಟ ಅವರಿಗೆ ಹಳತಾಗಿಲ್ಲ.

ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಸೀಸೆ ತೊಳೆಯಲು ಬಂದವರು ದೊನ್ಕಾ. ಕೈಯ ಅಚ್ಚುಕಟ್ಟು ನೋಡಿ ಈ ಕೆಲಸ ಕೊಟ್ಟರು. ಈಗ ದಿನಕ್ಕೆ ನಾಲ್ಕು ಹೃದಯ. ಯಾವ ಸಂಶೋಧನಾ ಲೇಖನದಲ್ಲೂ ಅವರ ಹೆಸರಿಲ್ಲ. ಅದಕ್ಕೆ ಅವರಿಗೆ ಬೇಸರವೂ ಇಲ್ಲ. ಬೇಸರವಿರುವುದು ಲ್ಯುಬೆನ್ ವಿಷಯಕ್ಕೆ.

ಲ್ಯುಬೆನ್ ಇಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗ. ಹೃದಯದ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಕ್ಕೆ ಹೆಕ್ಸೋಕೈನೇಸ್ ಎಂಬ ಕಿಣ್ವ ಅಂಟಿಕೊಂಡಿರುತ್ತದೆ, ಅದು ಬಿಟ್ಟುಹೋಗದಿದ್ದರೆ ರಕ್ತ ನಿಂತರೂ ಹೃದಯ ಅಷ್ಟು ಬೇಗ ಸಾಯುವುದಿಲ್ಲ ಎಂಬುದು ಅವನ ನಂಬಿಕೆ. ಆದರೆ ದೊನ್ಕಾ ಹೃದಯ ಅರೆದು ಕೊಟ್ಟ ಒಂದು ಮಾದರಿಯಲ್ಲೂ ಕಿಣ್ವ ಅಂಟಿಕೊಂಡಿರಲಿಲ್ಲ. ಗುರುಗಳು ಗೊಣಗಿದರು, ಜೊತೆಯವರು ನಕ್ಕರು. ಸೋತು ಸುಣ್ಣವಾದ ಅವನು ಎಲ್ಲ ಬಿಟ್ಟು ಕಾರ್ಲೊವೊ ಎಂಬ ಊರಿನ ಶಾಲೆಯಲ್ಲಿ ಮೇಷ್ಟ್ರಾದ.

ಮೂರು ವರ್ಷದ ಹಿಂದೆ ಹೊಸದಾಗಿ ಬಂದ ಹುಡುಗಿಯೊಬ್ಬಳು, ಅರೆದದ್ದನ್ನು ಕೊನೆಯಲ್ಲಿ ಉಪ್ಪುನೀರಿನಿಂದ ತೊಳೆಯುವುದೇಕೆ ಎಂದು ಕೇಳಿದಳು. ಯಾರೂ ಹೇಳಿಕೊಟ್ಟದ್ದಲ್ಲ ಅದು. ರಕ್ತದ ಕೆಂಪು ಉಳಿದರೆ ದೊನ್ಕಾಗೆ ಮನಸ್ಸು ಒಪ್ಪುತ್ತಿರಲಿಲ್ಲ. ಆ ಉಪ್ಪೇ ಕಿಣ್ವವನ್ನು ಬಿಡಿಸಿ ಚರಂಡಿಗೆ ಕಳಿಸುತ್ತಿತ್ತು. ತೊಳೆಯುವುದನ್ನು ಬಿಟ್ಟ ದಿನ ಕಿಣ್ವ ಅಂಟಿಕೊಂಡೇ ಸಿಕ್ಕಿತು.

"ಗಲೀಜು ಅಂದ್ಕೊಂಡು ಆ ಹುಡುಗನ ಬದುಕನ್ನೇ ತೊಳೆದು ಚೆಲ್ಲಿಬಿಟ್ಟೆ," ಎನ್ನುತ್ತಾರೆ.

ಅಂದೇ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಆಮೇಲೆ ಲ್ಯುಬೆನ್ ಕೇಳಿದ್ದು ಇಷ್ಟೆ: "ದೊನ್ಕಾ ಅಕ್ಕಾ, ಶುಕ್ರವಾರ ಈಗ್ಲೂ ಬನಿತ್ಸಾ ಮಾಡ್ಕೊಂಡು ಬರ್ತೀರಾ?" ಚೀಸ್ ತುಂಬಿದ ಆ ಕಡುಬೆಂದರೆ ಅವನಿಗೆ ಪ್ರಾಣ. ಶಾಲೆಗೆ ರಜೆ ಬಂದಾಗ ಬರುತ್ತೇನೆ ಎಂದ. ಬಂದಿಲ್ಲ. ಕೋಪವೋ ಸಂಕೋಚವೋ, ಅವರಿಗೆ ತಿಳಿಯದು.

ಶುಕ್ರವಾರ ಅವರು ಒಂದು ತುಂಡು ಹೆಚ್ಚೇ ತರುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತಾರೆ.

"ಕಿಣ್ವ ಅಂಟ್ಕೊಂಡು ಬಂದಾಗೆಲ್ಲ, ಲ್ಯುಬೆನ್ ಹೇಳಿದ್ದೇ ಸರಿ ಅಂತ ಜೋರಾಗೇ ಹೇಳ್ತೀನಿ. ಇಲ್ಲಿ ಎಲ್ರಿಗೂ ಕೇಳಿ ಕೇಳಿ ಸಾಕಾಗಿದೆ. ಒಂದ್ಸಲ ಅವನು ನಿಂತ್ಕೊಂಡು ಕೇಳ್ಲಿ."