ಒಳಚಿಲಕದ ಪಂಜರ

ಮಿಸ್ಬಾಹ್‌ಗೆ ಶಾರ್ಕ್ ಎಂದರೆ ತಾಟೆ ಮೀನು, ತಾಟೆ ಮೀನು ಎಂದರೆ ಬಾಣಂತಿಯ ಊಟ. ಉಳ್ಳಾಲದಲ್ಲಿ ಮಗಳು ಹಸ್ನಾ ಹುಟ್ಟಿದಾಗ ಹೆಂಡತಿ ನಫೀಸತ್‌ಗೆ ಎದೆಹಾಲು ಹೆಚ್ಚಲಿ ಎಂದು ಅತ್ತೆ ತಾಟೆ ಬೇಯಿಸಿ ಹಾಕಿದ್ದನ್ನು ಅವನು ಜಿದ್ದಾದಲ್ಲಿ ಕೂತು ಕಾಗದದಲ್ಲಿ ಓದಿದ್ದ. ಅದೇ ಮೀನನ್ನು ನೋಡಲು ಜನ ಕಬ್ಬಿಣದ ಪಂಜರದೊಳಗೆ ನಿಂತು ಸಮುದ್ರಕ್ಕೆ ಇಳಿಯುತ್ತಾರೆಂದು ಅವನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಹೇಳಿದಾಗ ಅವನಿಗೆ ನಗು ತಡೆಯಲಾಗಲಿಲ್ಲ.

ಅದು 1994. ಹೊರದೇಶದ ಯಾವುದೋ ವಿಡಿಯೊ ನೋಡಿದ ಆ ಸೌದಿ ಧಣಿಗೆ ಕಂಪನಿಗಳ ಬಿಳಿಯರನ್ನು ಹೀಗೆ ಕರೆದೊಯ್ಯುವ ಆಸೆ ಹತ್ತಿತ್ತು. ಪೋಸ್ಟರಿನಲ್ಲಿ ಬಾಯಿ ತೆರೆದ ದೊಡ್ಡ ಬಿಳಿ ಶಾರ್ಕ್. ಅಂಥದ್ದು ಈ ಕಡಲಲ್ಲಿ ಎಲ್ಲಿದೆ ಎಂದು ದೋಣಿಯವರು ಕೇಳಿದರೆ, ಬಂದ ಮೀನಿನ ಬಣ್ಣ ಕೇಳಬೇಡಿ ಎಂದನಂತೆ. ಪಂಜರ ಮಾಡುವ ಕೆಲಸ ವೆಲ್ಡರ್ ಮಿಸ್ಬಾಹ್‌ಗೆ ಬಂತು. ಕಫೀಲನ ಪಾರಿವಾಳಗಳಿಗೆ ಅವನು ಎಷ್ಟೋ ಗೂಡು ಮಾಡಿಕೊಟ್ಟಿದ್ದ.

ಒಂಬತ್ತು ದಿನದಲ್ಲಿ ಪಂಜರ ಎದ್ದು ನಿಂತಿತು. ಬಣ್ಣ ಬಳಿಯುವಾಗಲೇ ಅವನಿಗೆ ತನ್ನ ತಪ್ಪು ಕಂಡದ್ದು. ಕೈ ಪಾರಿವಾಳದ ಗೂಡಿನ ಅಭ್ಯಾಸದಲ್ಲೇ ಓಡಿ, ಚಿಲಕವನ್ನು ಹೊರಗೆ ಇಟ್ಟುಬಿಟ್ಟಿತ್ತು. ನೀರಿನೊಳಗೆ ಏನಾದರೂ ಆದರೆ ಒಳಗಿದ್ದವನ ಗತಿಯೇನು? ಅವನು ಬ್ರಶ್ ಕೆಳಗಿಟ್ಟು, ಚಿಲಕ ಒಳಗೆ ಬದಲಿಸುತ್ತೇನೆಂದು ಹೇಳಲು ಮ್ಯಾನೇಜರ್ ಹತ್ತಿರ ಹೋದ.

ಮ್ಯಾನೇಜರ್ ಗುರುದತ್ ಮೈಸೂರಿನವರು. ಕೆಟ್ಟವರಲ್ಲ, ಹೆದರುವವರು. ಕಫೀಲ್ ನೋಡಿ ಒಪ್ಪಿಯಾಗಿದೆ, ನಾಳೆಯೇ ದೋಣಿ ಹೊರಡುತ್ತದೆ, ಹೆದರಿದ ಗಿರಾಕಿ ನಡುನೀರಲ್ಲಿ ಬಾಗಿಲು ತೆರೆದರೆ ಯಾರು ಹೊಣೆ, ಚಿಲಕ ಹೊರಗಿರುವುದೇ ಕ್ಷೇಮ ಎಂದರು. ನಿನ್ನ ರಜೆಯ ಕಾಗದ ನನ್ನ ಮೇಜಿನ ಮೇಲಿದೆ ಎನ್ನುವುದನ್ನೂ ಮೆಲ್ಲಗೆ ಸೇರಿಸಿದರು.

ಮಿಸ್ಬಾಹ್‌ಗೆ ಮೈಯೆಲ್ಲ ಉರಿಯಿತು. ಹಸ್ನಾಗೆ ಮೂರು ವರ್ಷ. ಅವಳನ್ನು ಅವನು ಇನ್ನೂ ಎತ್ತಿಕೊಂಡಿರಲಿಲ್ಲ. ಅವನ ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿ, ರಜೆ ಈ ಮನುಷ್ಯನ ಪೆನ್ನಿನಲ್ಲಿ. ಹೊರಗಿನ ಚಿಲಕ ಎಂದರೇನೆಂದು ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಎತ್ತರ ಸಾಕೇ ಎಂದು ಒಮ್ಮೆ ಒಳಗೆ ನಿಂತು ನೋಡಿ ಎಂದು ಅವನು ವಿನಯದಿಂದಲೇ ಕೇಳಿಕೊಂಡ. ಗುರುದತ್ ಒಳಗೆ ಹೋದರು. ಮಿಸ್ಬಾಹ್ ಬಾಗಿಲು ಮುಚ್ಚಿ, ಚಿಲಕ ಸರಿಸಿ, ಡ್ರಮ್ಮಿನ ಮೇಲೆ ಕೂತು ಸುಲೈಮಾನಿ ಚಹಾ ಬಗ್ಗಿಸಿಕೊಂಡ.

ಜಿದ್ದಾದ ಮಧ್ಯಾಹ್ನದ ಬಿಸಿಲು. ಗುರುದತ್ ಮೊದಲು ನಕ್ಕರು, ಆಮೇಲೆ ಗದರಿದರು, ಆಮೇಲೆ ಕೆಲಸದವರ ಹೆಸರು ಹಿಡಿದು ಕರೆದರು. ಯಾರೂ ಅಲುಗಲಿಲ್ಲ. ಸರಳುಗಳ ನಡುವೆ ಕೈ ತೂರಿಸಿ ಚಿಲಕಕ್ಕೆ ತಡಕಾಡಿದರು. ಅಲ್ಲಿಗೆ ಕೈ ಎಟುಕದಂತೆ ಮಾಡಿದವನೇ ಮಿಸ್ಬಾಹ್.

"ಬಾಗ್ಲು ತೆಗಿ. ನಿನ್ನ ರಜೆ ಹೋಯ್ತು ಅಂತ ತಿಳ್ಕೊ."

"ಹೋಗ್ಲಿ ಸಾರ್. ನೀವು ನಿಂತದ್ದು ನೆಲದ ಮೇಲೆ, ಉಸಿರಾಡ್ಲಿಕ್ಕೆ ಗಾಳಿ ಉಂಟು. ಈಗ ಹೇಳಿ, ಚಿಲಕ ಯಾವ ಕಡೆ ಬೇಕು?"

ಅವರು ಕಾದ ಸರಳುಗಳಿಂದ ಕೈ ತೆಗೆದು ಬೆವರು ಒರೆಸಿಕೊಂಡರು.

"ಒಳಗೆ," ಎಂದರು.

ಸಂಜೆಯೊಳಗೆ ಮಿಸ್ಬಾಹ್ ಹೊರಚಿಲಕ ಕತ್ತರಿಸಿ ಒಳಗೆ ಬೆಸೆದ. ಹೊರಗೆ ಒಂದು ಕೊಕ್ಕೆಯೂ ಉಳಿಯದಂತೆ ಉಜ್ಜಿ ನುಣುಪು ಮಾಡಿದ. ಮರುದಿನ ಕಡಲಿನಲ್ಲಿ ಬಿಳಿಯದೂ ಇಲ್ಲ, ಕರಿಯದೂ ಇಲ್ಲ, ಒಂದು ತಾಟೆಯೂ ಇತ್ತ ಸುಳಿಯಲಿಲ್ಲ. ಆದರೆ ಹಗ್ಗ ಸಿಕ್ಕಿ ಪಂಜರ ನೀರಲ್ಲಿ ಮಗುಚಿದಾಗ ಒಳಗಿದ್ದ ಇಬ್ಬರು ಗಿರಾಕಿಗಳೂ ತಾವೇ ಬಾಗಿಲು ತೆರೆದುಕೊಂಡು ಮೇಲೆ ಬಂದರು. ಗುರುದತ್ ಆ ಮಾತು ಎತ್ತಲಿಲ್ಲ, ರಜೆಗೆ ಸಹಿಯನ್ನೂ ಹಾಕಲಿಲ್ಲ. ಮಿಸ್ಬಾಹ್ ಹೋಗಿ ಬೇಡಲೂ ಇಲ್ಲ.

ಅವನು ಊರು ಮುಟ್ಟಿದ್ದು ಒಂದು ವರ್ಷ ತಡವಾಗಿ. ಗಡ್ಡದ ಈ ಹೊಸಬನನ್ನು ಕಂಡದ್ದೇ ತಡ, ನಾಲ್ಕರ ಹಸ್ನಾ ಕೋಣೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡಳು. ನಫೀಸತ್ ನಾಚಿಕೆಯಿಂದ ಬಾಗಿಲು ಬಡಿಯಲು ಹೋದಳು. ಮಿಸ್ಬಾಹ್ ಅವಳ ಕೈ ಹಿಡಿದ.

"ಬಡಿಬೇಡ. ಅವಳೇ ತೆಗೀಲಿ."

ಚಪ್ಪಲಿಯನ್ನೂ ಬಿಚ್ಚದೆ ಅವನು ಆ ಬಾಗಿಲ ಮುಂದೆಯೇ ನೆಲದ ಮೇಲೆ ಕೂತ.