ಕಾಲಿನೊಳಗಿನ ಹವಳ

ಬೋಟಿನಲ್ಲಿ ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಸಿಕ್ಕಿ ನನ್ನ ಎಡಗಾಲು ಮುರಿದಾಗ, ಮೊಣಕಾಲಿನ ಕೆಳಗಿನ ಎಲುಬು ಎರಡು ಬೆರಳಗಲ ಪುಡಿಯಾಗಿತ್ತು. ಅಷ್ಟು ದೊಡ್ಡ ಸಂದು ತಾನಾಗಿ ಕೂಡುವುದಿಲ್ಲ ಎಂದ ಡಾಕ್ಟರು, ನನಗೂ ಅಮ್ಮನಿಗೂ ಒಂದು ಬಿಳಿ ತುಂಡು ತೋರಿಸಿದರು. ಒಣಗಿದ ಬ್ರೆಡ್ಡಿನ ಹಾಗೆ ಅದರ ಮೈತುಂಬ ತೂತು.

“ಕಟ್ಟಡಕ್ಕೆ ಸಾರುವೆ ಕಟ್ಟುದಿಲ್ವಾ ಅಮ್ಮ, ಹಾಗೆ ಇದು. ಇದರ ತೂತಿನೊಳಗೆ ಇವರದ್ದೇ ಎಲುಬು ಬೆಳೀತದೆ. ಮತ್ತೆ ಇದು ಕರಗಿ ಹೋಗ್ತದೆ.”

“ಎಂತದ್ರದ್ದು ಇದು?” ಅಮ್ಮ ಕೇಳಿದಳು.

“ಹವಳದ್ದು. ಸಮುದ್ರದಿಂದ ತೆಗೆದು ಶುದ್ಧ ಮಾಡಿದ್ದು.”

“ಯಾವ ಸಮುದ್ರ?”

ಡಾಕ್ಟರಿಗೆ ಗೊತ್ತಿರಲಿಲ್ಲ. ಅಮ್ಮ ಆ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದಳು. ಎರಡು ವರ್ಷದ ಹಿಂದೆ ಅಣ್ಣ ಬೋಟಿನಿಂದ ಕಡಲಿಗೆ ಬಿದ್ದು ಹೋಗಿದ್ದ. ಹೆಣ ಸಿಕ್ಕಿರಲಿಲ್ಲ.

ಆಪರೇಷನ್ ಆಗಿ ಪಣಂಬೂರಿನ ಮನೆಗೆ ಬಂದ ಮೇಲೆ, ಅಮ್ಮ ದಿನಾ ಮಧ್ಯಾಹ್ನ ನನ್ನ ಕಾಲ ಬುಡದಲ್ಲಿ ಕೂರತೊಡಗಿದಳು. ದೇವರಿಗೆ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ. ಒಂದು ದಿನ ಅರೆನಿದ್ದೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿತು.

“ಊಟ ಆಯ್ತಾ ಮಗಾ? ಅಲ್ಲಿ ಚಳಿ ಉಂಟಾ?”

“ಊಟ ಆಯ್ತಲ್ಲಮ್ಮ,” ಎಂದೆ.

ಅಮ್ಮ ತಲೆ ಎತ್ತಲಿಲ್ಲ. “ನಿನ್ನತ್ರ ಅಲ್ಲ ಕೇಳಿದ್ದು,” ಎಂದಳು.

ಅಂದಿನಿಂದ, ಅವಳು ಮಾತಾಡುವಾಗಲೆಲ್ಲ ಕಾಲಿನೊಳಗೆ ಸಣ್ಣಗೆ ಏನೋ ಮಿಡಿಯುತ್ತಿತ್ತು. ಡಾಕ್ಟರಿಗೆ ಹೇಳಿದೆ. ಹೊಸ ರಕ್ತನಾಳ ಬೆಳೆಯುತ್ತಿರಬಹುದು, ಹೆದರಬೇಡಿ ಎಂದರು. ಅಮ್ಮ ಸುಮ್ಮನಾದರೆ ಅದೂ ನಿಲ್ಲುತ್ತದೆ ಎಂದು ಮಾತ್ರ ನಾನು ಹೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಎಕ್ಸ್‌ರೇಯಲ್ಲಿ ಹವಳದ ಅಂಚು ಮಸುಕಾಗಿತ್ತು. “ಕರಗ್ತಾ ಉಂಟು,” ಎಂದು ಡಾಕ್ಟರು ಖುಷಿಪಟ್ಟರು.

“ಸ್ವಲ್ಪ ದಿನ ನಿಲ್ಲಿಸ್ಲಿಕ್ಕೆ ಆಗುದಿಲ್ವಾ?” ಎಂದು ಅಮ್ಮ ಕೇಳಿದಳು. ಅವರು ತಮಾಷೆಯೆಂದು ನಕ್ಕರು. ನನಗೆ ನಗು ಬರಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಎಕ್ಸ್‌ರೇಯಲ್ಲಿ ಹವಳದ ಸುಳಿವೇ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಎಲುಬು. ಅಂದು ಮಧ್ಯಾಹ್ನವೂ ಅಮ್ಮ ಬಂದು ಕೂತಳು. ಅದೇ ಪ್ರಶ್ನೆ ಕೇಳಿ, ನನ್ನ ಕಾಲಿನ ಮೇಲೆ ಕೈಯಿಟ್ಟು ಕಾದಳು. ನಾನೂ ಕಾದೆ. ಒಳಗೆ ಏನೂ ಮಿಡಿಯಲಿಲ್ಲ. ಅವಳ ಮುಖ ನೋಡಲಾಗದೆ, “ಚಳಿ ಇಲ್ಲಮ್ಮ,” ಎಂದುಬಿಟ್ಟೆ. ಅಣ್ಣನ ಹಾಗೆ ಮಾತಾಡಬೇಕೆಂದು ನಾನು ಯೋಚಿಸಿರಲಿಲ್ಲ. ಸ್ವರ ಮಾತ್ರ ಅವನದ್ದೇ ಬಂತು.

ಅಮ್ಮ ಬೆಚ್ಚಲಿಲ್ಲ. ಹೊದಿಕೆ ಸರಿಮಾಡಿ ಎದ್ದು ಹೋದಳು.

ಮಗ ಸತ್ತನೆಂದು ಅಷ್ಟು ದಿನ ಒಪ್ಪದಿದ್ದವಳು, ಮರುದಿನ ತಾನಾಗಿಯೇ ಮಾವನಿಗೆ ಫೋನ್ ಮಾಡಿ ಉತ್ತರಕ್ರಿಯೆಗೆ ದಿನ ನೋಡಲು ಹೇಳಿದಳು. ಕೋಲಿಲ್ಲದೆ ಕಡಲಿಗೆ ನಡೆದುಹೋಗಿ ಪಿಂಡ ಬಿಟ್ಟವನು ನಾನೇ.