ಗಾಡಿಗೆ ಕಟ್ಟಿದ ರೇಷ್ಮೆ ಎಳೆಗಳು

ಆಗಿನ ಚಳಿ ಈಗಿನದಕ್ಕಿಂತ ಜೋರಿತ್ತು ಎಂದು ಇಳಕಲ್ಲಿನ ನಮ್ಮ ಓಣಿಯ ಹಿರಿಯರೆಲ್ಲ ಹೇಳುತ್ತಾರೆ. ನನಗೆ ಅನುಮಾನ. ಚಳಿ ಅಷ್ಟೇ ಇದ್ದಿರಬೇಕು, ಸ್ವೆಟರು ಕಡಿಮೆ ಇದ್ದವು. ಆದರೆ ನಾನು ಐದನೇ ಇಯತ್ತೆಯಲ್ಲಿದ್ದ ಆ ಚಳಿಗಾಲದಲ್ಲಿ ನಮ್ಮ ಮಗ್ಗದ ಕೋಣೆಯ ಗಂಜಿ ವಾಸನೆಗೆ ಪೆಟ್ರೋಲಿನ ವಾಸನೆ ಸೇರಿತ್ತು ಎಂಬುದನ್ನು ಮಾತ್ರ ವಾದವಿಲ್ಲದೆ ಒಪ್ಪುತ್ತೇನೆ.

ತೀರಿಹೋದ ಅಜ್ಜನ ಮೋಟಾರ್ ಸೈಕಲ್ಲು ಮರೋಳದ ಬೀಗರ ಹಿತ್ತಿಲಲ್ಲಿ ಬಣವೆಯ ಪಕ್ಕ ತುಕ್ಕು ಹಿಡಿಯುತ್ತ ನಿಂತಿತ್ತು. ಅಪ್ಪ ಅದನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬಂದ. "ಸಂಕ್ರಮಣಕ್ಕ ಇದರ ಮ್ಯಾಲೆ ಕೂಡಲಸಂಗಮಕ್ಕ ಹೋಗೂಣು" ಎಂದ. ನಾನೂ ನಂಬಲಿಲ್ಲ, ಅಪ್ಪನ ಅವ್ವ ಆಯಿಯೂ ನಂಬಲಿಲ್ಲ.

ಅಪ್ಪ ನೇಕಾರ. ಬಿಚ್ಚಿದ್ದು ಮರೆಯದಂತೆ ಇಡಲು ಅವನಿಗೆ ಗೊತ್ತಿದ್ದದ್ದು ಎಳೆಯೊಂದೇ. ಕಳಚಿದ ಪ್ರತಿ ಬೋಲ್ಟಿಗೂ ವೈರಿಗೂ ಮಗ್ಗದಲ್ಲಿ ಉಳಿದ ರೇಷ್ಮೆಯ ತುಂಡು ಕಟ್ಟಿದ. ಎಂಜಿನ್ನಿನದಕ್ಕೆ ಕೆಂಪು, ಬ್ರೇಕಿನದಕ್ಕೆ ಹಸಿರು, ದೀಪದ್ದಕ್ಕೆ ಹಳದಿ. ಮೊದಲು ಕಳಚಿದ್ದಕ್ಕೆ ಒಂದು ಗಂಟು, ಅದರ ನಂತರದ್ದಕ್ಕೆ ಎರಡು. ಚಾಪೆಯ ಮೇಲೆ ಹರಡಿದರೆ ಹರಿದ ಸೀರೆಯ ಸೆರಗಿನಂತೆ ಕಾಣುತ್ತಿತ್ತು.

ಎಂಜಿನ್ ನೋಡಲು ಪ್ರತಿ ರವಿವಾರ ಹುನಗುಂದದಿಂದ ಗ್ಯಾನಪ್ಪ ಕಾಕಾ ಬರುತ್ತಿದ್ದ. ಮೆಕ್ಯಾನಿಕ್, ಅಪ್ಪನ ಸಾಲಿ ಗೆಳೆಯ. ಬಂದವನೇ ಅಡುಗೆಮನೆಗೆ ನುಗ್ಗಿ, ಬುಟ್ಟಿಯೊಳಗಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ತಾನೇ ತೆಗೆದುಕೊಂಡು, ಶೇಂಗಾ ಚಟ್ನಿ ಎಲ್ಲಿದೆ ಎಂದು ಅವ್ವನನ್ನು ಕೇಳುತ್ತಿದ್ದ.

"ಏನ್ಲೇ ಮಲ್ಲ್ಯಾ, ಗಾಡಿ ಮಾಡಾಕತ್ತೀಯೋ, ಸೀರಿ ನೇಯಾಕತ್ತೀಯೋ?" ಎಂದು ಅಪ್ಪನನ್ನು ಕೆಣಕುತ್ತಿದ್ದ.

"ನೀ ಬರೇ ಎಂಜಿನ್ ನೋಡು. ಸೆರಗ ನಾ ಹಚ್ಚತೇನಿ."

"ನಿನ್ನ ಕಡಿಂದ ಆಗೂದಿಲ್ಲ. ಸುಮ್ಮ ನನಗ ಕೊಟ್ಟಬಿಡು."

ಈ ಕೊನೆಯ ಮಾತನ್ನು ಅವನು ಪ್ರತಿ ವಾರ ಹೇಳುತ್ತಿದ್ದ. ಅವರಿಬ್ಬರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಒಂದು ರವಿವಾರ ಅಪ್ಪ ನೇಯ್ದ ಸೀರೆ ಕೊಡಲು ಸಾವ್ಕಾರರ ಮನೆಗೆ ಹೋಗಿದ್ದ. ನಾನೂ ಅವ್ವನೂ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದೆವು. ಮೂವರೂ ತಿರುಗಿ ಬಂದಾಗ ಚಾಪೆಯ ಮೇಲೆ ಒಂದೂ ಎಳೆ ಇರಲಿಲ್ಲ. ಬೋಲ್ಟು, ನಟ್ಟು, ವಾಷರು ಎಲ್ಲ ಒಂದೇ ಬುಟ್ಟಿಯಲ್ಲಿ ಕಲೆಸಿ ಬಿದ್ದಿದ್ದವು. ಕಾಕಾ ತನ್ನ ಸಾಮಾನಿನ ಚೀಲ ಇಟ್ಟುಕೊಂಡು ಬುಟ್ಟಿಯ ಪಕ್ಕದಲ್ಲಿ ಕುಳಿತಿದ್ದ.

"ನಾ ಪ್ಲಗ್ ತರಾಕ ಪ್ಯಾಟಿಗೆ ಹೋಗಿದ್ನಿ. ಬರೂದ್ರಾಗ ಹಿಂಗಾಗಿತ್ತು" ಎಂದ.

"ಪ್ಲಗ್ ಎಲ್ಲೈತ್ರಿ ಕಾಕಾ?" ಎಂದೆ.

"ಅಂಗಡಿ ಮುಚ್ಚಿತ್ತವಾ."

"ರವಿವಾರ ಅಂಗಡಿ ಮುಚ್ಚಿರ್ತೈತಿ ಅಂತ ನಿಮಗ ಗೊತ್ತಿಲ್ಲೇನ್ರಿ? ನೀವ ಮೆಕ್ಯಾನಿಕ್ ಅದೀರಿ."

ಅವನು ಸುಮ್ಮನಾದ. ಎದುರಾಳಿ ಸುಮ್ಮನಾದರೆ ಗೆದ್ದೆ ಎಂದುಕೊಳ್ಳುವ ಚಟ ನನಗೆ ಆಗಲೇ ಇತ್ತು. ಗುರ್ತು ತಪ್ಪಿದರೆ ಅಪ್ಪ ಬೇಸತ್ತು ಗಾಡಿಯನ್ನು ನಿಮಗೇ ಕೊಡುತ್ತಾನೆಂದು ನೀವೇ ಎಳೆ ಬಿಚ್ಚಿದ್ದೀರಿ ಎಂದೆ. "ಚೀಲ ತಗೀರಿ, ನೋಡೂಣು."

ಅವ್ವ ನನ್ನ ರಟ್ಟೆ ಹಿಡಿದಳು. ಅಪ್ಪ ನನ್ನನ್ನು ಗದರಲಿಲ್ಲ. ಅವನ ಕಣ್ಣು ಆ ಚೀಲದ ಮೇಲಿತ್ತು. ಅದನ್ನು ಕಾಕಾ ನೋಡಿದ.

ಚೀಲವನ್ನು ಚಾಪೆಯ ಮೇಲೆ ಬೋರಲು ಹಾಕಿದ. ಬೋಲ್ಟು ಬಿಚ್ಚುವ ಪಾನಾಗಳು, ಬೀಡಿ ಕಟ್ಟು, ಎಣ್ಣೆ ಅರಿವೆ, ಅವನ ಮಗಳಿಗೆಂದು ಅವ್ವ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಎರಡು ಶೇಂಗಾ ಹೋಳಿಗೆ. ಒಂದೊಂದನ್ನೇ ತಿರುಗಿ ತುಂಬಿಕೊಂಡ. ಹೋಳಿಗೆಯನ್ನು ಬಿಟ್ಟು ಹೋದ.

ಪಕ್ಕದ ಮನೆಗೆ ಹೋಗಿದ್ದ ಆಯಿ ಸಂಜೆ ತಿರುಗಿ ಬಂದಳು. ನೇಕಾರರ ಮನೆಯಲ್ಲಿ ಗೇಣುದ್ದ ರೇಷ್ಮೆಯನ್ನೂ ಬಿಸಾಡುವ ರೂಢಿಯಿಲ್ಲ. ಆಯಿ ಸಂಚಿಯಿಂದ ಒಂದು ಉಂಡೆ ತೆಗೆದಳು: ಕೆಂಪು, ಹಸಿರು, ಹಳದಿ, ಎಲ್ಲ ಒಂದಕ್ಕೊಂದು ಗಂಟು ಹಾಕಿದ್ದವು.

"ಚಲೋ ರೇಷ್ಮಿ ಎಣ್ಣ್ಯಾಗ ಹಾಳಾಗಾಕತ್ತಿತ್ತು. ಬಿಚ್ಚಿ, ಶೀಗಿಕಾಯಿ ಹಚ್ಚಿ ತೊಳದೇನಿ ನೋಡು."

"ಹೇಳಬಾರದೇನಬೇ ಯವ್ವಾ?" ಎಂದ ಅಪ್ಪ.

"ನನ್ನ ಯಾರು ಕೇಳಿದ್ರು?"

ಖರೆ. ಹೊರಗಿನವನನ್ನು ಅಷ್ಟು ಕೇಳಿದ ನಾನು ಮನೆಯವರನ್ನು ಕೇಳಿಯೇ ಇರಲಿಲ್ಲ.

ಮರುದಿನ ಅಪ್ಪ ನನ್ನನ್ನು ಬಸ್ಸಿನಲ್ಲಿ ಹುನಗುಂದಕ್ಕೆ ಕರೆದೊಯ್ದ. ಗ್ಯಾರೇಜಿನ ಎದುರು ನಿಂತು ತಪ್ಪಾಯಿತು ಎಂದೆ. ನನ್ನ ನಂತರ ಅಪ್ಪನೂ ಅದನ್ನೇ ಹೇಳಿದ. ಕಾಕಾ ನಕ್ಕು ನನಗೆ ಪೆಪ್ಪರಮಿಂಟು ಕೊಟ್ಟ. "ಬಿಡಲೇ, ಸಣ್ಣ ಹುಡುಗಿ. ಮುಂದ ವಕೀಲಕಿ ಮಾಡ್ತಾಳ."

ಮುಂದಿನ ರವಿವಾರ ಬಂದ. "ಗಾಡಿ ಹೊರಗ ತಗೀರಿ, ಒಳಗ ಕತ್ತಲಿ ಐತಿ" ಎಂದ. ನಾನು ಒಳಗೆ ಹೋಗಿ ನೋಡಿದೆ. ಬಲ್ಬು ಉರಿಯುತ್ತಿತ್ತು. ಕೊರೆವ ಗಾಳಿಯಲ್ಲಿ ಕಾಕಾ ಕಟ್ಟೆಯ ಬದಿಗೆ ಕುಳಿತು, ಬುಟ್ಟಿಯೊಳಗಿನ ಬೋಲ್ಟುಗಳನ್ನು ಕೈಯಲ್ಲಿ ತೂಗಿ ನೋಡುತ್ತ, ಯಾವ ಗುರ್ತೂ ಇಲ್ಲದೆ ಒಂದೊಂದನ್ನೇ ಅದರದರ ಜಾಗಕ್ಕೆ ಕೂರಿಸಿದ. ಸಂಕ್ರಮಣಕ್ಕೆ ನಾವು ಸಂಗಮಕ್ಕೆ ಗಾಡಿಯ ಮೇಲೆಯೇ ಹೋದೆವು. ಎಳ್ಳು ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಂಡಿದ್ದೆವು. ಹುನಗುಂದದ ಗ್ಯಾರೇಜಿನ ಎದುರು ಅಪ್ಪ ಗಾಡಿ ನಿಧಾನ ಮಾಡಿದ, ನಿಲ್ಲಿಸಲಿಲ್ಲ.

ಆ ಗಾಡಿ ಇವತ್ತಿಗೂ ಒಂದೇ ಕಿಕ್ಕಿಗೆ ಶುರುವಾಗುತ್ತದೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪುರಾವೆ ಕೇಳಿ ಕೇಳಿ ಎದುರಿನವರನ್ನು ಸುಮ್ಮನಾಗಿಸುತ್ತೇನೆ. ಕಾಕಾ ಇಳಕಲ್ಲಿಗೆ ಬಂದಾಗೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಾನೆ. "ಒಳಗ ಬರ್ರಿ, ರೊಟ್ಟಿ ಬಿಸಿ ಅದಾವು" ಎಂದು ಅವ್ವ ಕರೆದರೆ ಅವನ ಬಳಿ ಒಂದು ಕಾರಣ ಇದ್ದೇ ಇರುತ್ತದೆ. ಕೈಗೆ ಎಣ್ಣೆ ಹತ್ತಿದೆ, ಹೊಟ್ಟೆ ತುಂಬಿದೆ, ಬಸ್ಸಿನ ಹೊತ್ತಾಯಿತು. ಒಂದೊಂದನ್ನೂ ಸುಳ್ಳೆಂದು ನಾನು ಸಾಬೀತು ಮಾಡಬಲ್ಲೆ. ಮಾಡುವುದಿಲ್ಲ.